ಅಪ್ಪನ ಬೆನ್ನಿನ ಕಲ್ಲು

ಆಗಸ್ಟ್ 4, ಸೋಮವಾರ

ಮಗಳು ನಿಖಿತಾಳ ಹೋದ ವರ್ಷದ ಗಣಿತದ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿತ್ತು. ಎಸೆಯಲು ಮನಸ್ಸಾಗದೆ ನನ್ನದು ಮಾಡಿಕೊಂಡೆ. ಬರೆಯುವ ಚಟ ಕಾಲೇಜಿಗೇ ಮುಗಿದಿತ್ತು. ಈಗ ಹೊಸ ಕೆಲಸ ಸಿಕ್ಕಿದೆ, ಗಂಡನಿಗೆ ಹೇಳೋಣವೆಂದರೆ ಉಮಾಶಂಕರ್ ಫ್ಯಾಕ್ಟರಿಯಿಂದ ಬಂದವರೇ ತಟ್ಟೆ ಮುಂದೆ ತೂಕಡಿಸುತ್ತಾರೆ.

ಮತ್ತಿಗಿರಿಯಲ್ಲೇ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಸಂಶೋಧನಾ ಕೇಂದ್ರ. ಈ ಸುತ್ತಿನಲ್ಲಿ ಕಲ್ಲಿನ ಕೆಲಸ ಮಾಡಿದ ನಾನೂರ ಹನ್ನೆರಡು ಜನರ ಎದೆಯ ಸ್ಕ್ಯಾನುಗಳು ಅಲ್ಲಿವೆ. ಹೆಸರಿಲ್ಲ, ಊರಿಲ್ಲ. ಒಂದು ನಂಬರು, ಗಂಡೋ ಹೆಣ್ಣೋ, ವಯಸ್ಸು, ಸ್ಕ್ಯಾನ್ ತೆಗೆದ ತಿಂಗಳು, ಎಷ್ಟು ವರ್ಷ ಕೆಲಸ ಮಾಡಿದರು ಎನ್ನುವುದು, ಅಷ್ಟೆ. ಕಂಪ್ಯೂಟರು ತಾನೇ ಶ್ವಾಸಕೋಶದ ಸುತ್ತ ಗೆರೆ ಎಳೆಯುತ್ತದೆ, ಅನುಮಾನ ಬಂದ ಚುಕ್ಕೆಗಳಿಗೆ ಸುತ್ತು ಹಾಕುತ್ತದೆ. ಅದು ತಪ್ಪಿದ ಕಡೆ ನಾವು ತಿದ್ದಬೇಕು. ಪರದೆಯ ಬಲಗಡೆ ಒಂದು ಚೌಕದಲ್ಲಿ ಸಾಫ್ಟ್‌ವೇರೇ ದಾರಿ ಹೇಳುತ್ತಾ ಹೋಗುತ್ತದೆ: ಈಗ ಇದನ್ನು ಒತ್ತಿ, ಇಲ್ಲಿ ಇನ್ನೊಮ್ಮೆ ನೋಡಿ, ಮುಂದಿನ ಹೆಜ್ಜೆ ಇದು. ಪಕ್ಕದ ಕುರ್ಚಿಯ ಯತಿರಾಜ್ ಅದಕ್ಕೆ ‘ಮೇಷ್ಟ್ರು’ ಎಂದು ಹೆಸರಿಟ್ಟಿದ್ದಾನೆ. ನನಗೆ ಮೇಷ್ಟ್ರು ಹಿಡಿಸಿದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರೆ ತಪ್ಪೇ ಆಗುವುದಿಲ್ಲ.

ಯತಿರಾಜ್ ಒಳ್ಳೆಯ ಹುಡುಗ, ಆದರೆ ಕೆಮ್ಮುತ್ತಾನೆ. ಮಧ್ಯಾಹ್ನದ ಮೇಲೆ ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡೆ. ಮನೆಗೆ ಬಂದು ಎಲ್ಲರ ಲೋಟಗಳನ್ನೂ ದೊಡ್ಡ ಪಾತ್ರೆಗೆ ಹಾಕಿ ಕುದಿಸಿದೆ. ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇರುವ ಅಮ್ಮ ಬಾಗಿಲಿಗೆ ಒರಗಿ ಅದನ್ನೇ ನೋಡುತ್ತಿದ್ದಳು.

ಆಗಸ್ಟ್ 7, ಗುರುವಾರ

ಇವತ್ತು ಅಮ್ಮ ಕೇಳಿದಳು, “ಅಲ್ಲಿ ಏನ್ ಮಾಡ್ತೀಯಮ್ಮಿ ದಿನಾ?”

ಹೇಳಿದೆ. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. “ಅಂಗಂದ್ರೆ ನಿಮ್ಮಪ್ಪನಂಥೋರ ಎದೆ ನೋಡ್ತೀಯ ಅನ್ನು.”

“ಅಪ್ಪಂದು ಬೇರೆ ಅಮ್ಮ. ಅಪ್ಪಂದು ಟೀಬಿ,” ಅಂದೆ.

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹೀಗೆ ಮಾತು ನಡುವೆ ಬಿಟ್ಟು ಎದ್ದು ಹೋಗುವುದು ಅವಳ ಅಭ್ಯಾಸ.

ಅಪ್ಪ ಸೂಳಗಿರಿಯ ಕಡೆ ಮೂವತ್ತೊಂದು ವರ್ಷ ಕಲ್ಲು ಸೀಳಿದ. ನಾಲ್ಕು ವರ್ಷದ ಹಿಂದೆ ಕೆಮ್ಮು ಹಿಡಿದು ತೂಕ ಇಳಿಯಿತು, ಊರಿನ ಬಳಿಯ ವೈದ್ಯರೊಬ್ಬರು ಎಕ್ಸ್‌ರೇ ನೋಡಿ ಕ್ಷಯ ಎಂದರು. ಮನೆಯಲ್ಲಿ ಬಿ.ಎಸ್ಸಿ. ಓದಿದವಳು ನಾನೊಬ್ಬಳೇ. ಹಾಗಾಗಿ ಎಲ್ಲ ನಾನೇ ನಿಂತು ಏರ್ಪಾಡು ಮಾಡಿದೆ. ಊರಿನ ಮನೆಯ ಹಿತ್ತಲಿನ ಶೀಟಿನ ಕೋಣೆಗೆ ಮಂಚ, ಬೇರೆ ತಟ್ಟೆ, ಬೇರೆ ಲೋಟ. ತಟ್ಟೆ ಅದಲುಬದಲಾಗದಿರಲೆಂದು ಮೊಳೆಯಿಂದ ಅದರ ಅಂಚಿಗೆ ಎರಡು ಅಡ್ಡಗೀರು ಹಾಕಿದವಳೂ ನಾನೇ. ನಿಖಿತಾಳಿಗೆ ಆಗ ಐದು ವರ್ಷ. ತಾತನ ಹತ್ತಿರ ಬಿಡಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಎರಡು ವರ್ಷ ಹೀಗೇ ನಡೆಸಿದೆವು. ಮನೆಯಲ್ಲಿ ಒಬ್ಬರಿಗಾದರೂ ಅಂಟಿತೇ? ಇಲ್ಲ. ಯಾರಾದರೂ ಕೆಟ್ಟವರಾಗಬೇಕಿತ್ತು, ನಾನಾದೆ.

ಆಗಸ್ಟ್ 19, ಮಂಗಳವಾರ

ಹತ್ತು ಹನ್ನೆರಡು ದಿನ ಬರೆಯುವಂಥದ್ದೇನೂ ಇರಲಿಲ್ಲ. ಕೆಲಸ ಕೈಗೆ ಹತ್ತಿದೆ. ಕಲ್ಲಿನ ಧೂಳು ಹೊಕ್ಕ ಎದೆ ಹೇಗಿರುತ್ತದೆಂದು ಮೇಷ್ಟ್ರು ಚೆನ್ನಾಗಿ ಕಲಿಸಿದ್ದಾರೆ. ಎರಡೂ ಕಡೆ, ಮೇಲುಭಾಗದಲ್ಲಿ, ರಾಗಿ ಚೆಲ್ಲಿದ ಹಾಗೆ ಸಣ್ಣ ಗುಂಡು ಚುಕ್ಕೆಗಳು. ನಡುವಿನ ಗಂಟುಗಳಿಗೆ ಮೊಟ್ಟೆಯ ಚಿಪ್ಪಿನಂಥ ಬಿಳಿ ಅಂಚು. ಮುಖ್ಯಸ್ಥೆ ಡಾಕ್ಟರ್ ವರಲಕ್ಷ್ಮಿ ನನ್ನ ತಿದ್ದುಪಡಿಗಳನ್ನು ನೋಡಿ, “ಕಣ್ಣು ಚೆನ್ನಾಗಿದೆ ಕೋಮಲಾ,” ಎಂದರು.

ಇವತ್ತು ನಂಬರು 267 ಬಂತು. ಗಂಡಸು, ವಯಸ್ಸು ಐವತ್ತೇಳು, ಕಲ್ಲಿನ ಕೆಲಸ ಮೂವತ್ತೊಂದು ವರ್ಷ. ಎಡಗಡೆ ಹೆಗಲ ಮೂಳೆಯ ಕೆಳಗೆ, ಚರ್ಮದ ಒಳಗೆ, ಕಡಲೆಕಾಳಿನಷ್ಟು ಒಂದು ಬಿಳಿ ಚೂರು. ಮೇಷ್ಟ್ರು ಹೇಳಿದರು: ‘ಹೊರಗಿನ ವಸ್ತು ಕಂಡುಬಂದಿದೆ. ಅಳಿಸಿ ಮುಂದುವರಿಯಿರಿ.’

ನಾನು ಆರನೇ ಕ್ಲಾಸಿನಲ್ಲಿದ್ದಾಗ ಕ್ವಾರಿಯಲ್ಲಿ ಸಿಡಿದ ಚೂರೊಂದು ಅಪ್ಪನ ಬೆನ್ನು ಹೊಕ್ಕಿತ್ತು. ತೆಗೆಸಲಿಲ್ಲ, ಮೇಲೆ ಚರ್ಮ ಕೂಡಿಕೊಂಡಿತು. ಯುಗಾದಿಯ ದಿನ ಅವನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಅದು ಬೆರಳಿಗೆ ಸಿಗುತ್ತಿತ್ತು. “ಬೆಟ್ಟಾನ ನಾನು ಒಡದೆ, ಅದು ಒಂದು ಚೂರು ನನ್ನ ತಾವ ಬಿಟ್ಟೈತೆ ಕಣಮ್ಮಿ. ಒತ್ತಬ್ಯಾಡ, ಬೆಟ್ಟಕ್ಕೆ ನೋಯ್ತದೆ,” ಎಂದು ನಗಿಸುತ್ತಿದ್ದ.

ಅಳಿಸಲಿಲ್ಲ. ‘ಆಮೇಲೆ’ ಎನ್ನುವುದನ್ನು ಒತ್ತಿ ಬೇರೆ ನಂಬರಿಗೆ ಹೋದೆ.

ಆಗಸ್ಟ್ 20, ಬುಧವಾರ

ಕಲ್ಲಿನ ಕೆಲಸದವರ ಬೆನ್ನಲ್ಲಿ ಕಲ್ಲು ಇರುವುದೇನು ದೊಡ್ಡ ವಿಷಯ? ನೂರು ಜನರಿಗೆ ಇದ್ದೀತು. ಲೋಟ ಕುದಿಸಿದೆ, ಬೇಗ ಮಲಗುತ್ತೇನೆ.

ಆಗಸ್ಟ್ 22, ಶುಕ್ರವಾರ

ತೆರೆಯಬಾರದೆಂದುಕೊಂಡೇ ತೆರೆದೆ. ಬಲಗಡೆ ಎರಡು ಪಕ್ಕೆಲುಬು ಸೊಟ್ಟಗೆ ಕೂಡಿಕೊಂಡಿವೆ. ನನ್ನ ಮದುವೆಯ ವರ್ಷ ಅಪ್ಪ ಲಾರಿಯಿಂದ ಬಿದ್ದಿದ್ದ. ಪಟ್ಟಿ ಕಟ್ಟಿಕೊಂಡೇ ಧಾರೆ ಎರೆದಿದ್ದ, ಫೋಟೋದಲ್ಲಿ ಒಂದು ಕಡೆಗೆ ವಾಲಿದ್ದಾನೆ. ಸ್ಕ್ಯಾನಿನ ತಿಂಗಳು ನೋಡಿದೆ. 2022ರ ಫೆಬ್ರವರಿ. ಅದೇ ತಿಂಗಳು ಕಲ್ಲಿನ ಕೆಲಸದವರ ಎದೆ ನೋಡುವ ಕೃಷ್ಣಗಿರಿಯ ಕ್ಯಾಂಪಿಗೆ ಅವನನ್ನು ಕರೆದುಕೊಂಡು ಹೋದವಳು ನಾನು.

ಕರೆದುಕೊಂಡು ಹೋದೆ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಬಸ್ಸಿನಲ್ಲಿ ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನಾನು ಮುಂದೆ ಡ್ರೈವರಿನ ಹತ್ತಿರ ಕೂತಿದ್ದೆ, ಮೂಗಿಗೆ ಸೆರಗು ಒತ್ತಿಕೊಂಡು. ಕಂಡಕ್ಟರು ಬಂದಾಗ ಅಪ್ಪ ನನ್ನ ಕಡೆ ಕೈ ತೋರಿಸಲಿಲ್ಲ. ತನ್ನ ಟಿಕೆಟ್ಟು ತಾನೇ ತೆಗೆದುಕೊಂಡ. ಮಗಳಿಗೆ ಬೇಡವೆಂದು ಗೊತ್ತಾಗಿ ಗುರುತಿಲ್ಲದವನ ಹಾಗೆ ಕೂತ.

ಮತ್ತೆ ಆ ಎದೆ. ಎರಡೂ ಕಡೆ, ಮೇಲುಭಾಗದಲ್ಲಿ, ರಾಗಿ ಚೆಲ್ಲಿದೆ. ಗಂಟುಗಳಿಗೆ ಬಿಳಿ ಅಂಚು. ಮೂರು ವಾರ ಮೇಷ್ಟ್ರು ಕಲಿಸಿದ್ದು ಒಂದೂ ಬಿಡದೆ ಅಲ್ಲಿದೆ. ಬೇರೆಯವರ ಎದೆಯಾಗಿದ್ದರೆ ಎರಡು ನಿಮಿಷಕ್ಕೆ ‘ಧೂಳು’ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆ.

ಪ್ರಶ್ನೆ ಕೇಳುವ ಜಾಗದಲ್ಲಿ ಬರೆದೆ: ಇದು ಕ್ಷಯವೇ, ಧೂಳೇ?

‘ಇದು ಸಂಶೋಧನೆಯ ಸಾಧನ. ಒಬ್ಬ ವ್ಯಕ್ತಿಯ ರೋಗವನ್ನು ಹೇಳಲು ಇದನ್ನು ಬಳಸಬಾರದು.’

ಹಾಗಾದರೆ ಯಾರು ಹೇಳುತ್ತಾರೆ, ಎಂದು ಬರೆದೆ.

‘ಮುಂದಿನ ಹೆಜ್ಜೆ: ಎಡ ಶ್ವಾಸಕೋಶದ ಗಡಿಯನ್ನು ಪರಿಶೀಲಿಸಿ.’

ಪರಿಶೀಲಿಸಿದೆ. ಗಡಿ ಸರಿಯಾಗಿಯೇ ಇತ್ತು.

ಆಗಸ್ಟ್ 27, ಬುಧವಾರ

ಗೌರಿ ಗಣೇಶ. ಕಡುಬು ಒಡೆದುಹೋಯಿತು. ಲೋಟಗಳನ್ನು ಎರಡು ಸಲ ಕುದಿಸಿದೆನಂತೆ, ನಿಖಿತಾ ಹೇಳಿದಳು. ಕ್ಷಯ ಅಲ್ಲದಿದ್ದರೆ ನಾನು ಏನು ಮಾಡಿದ ಹಾಗಾಯಿತು? ಬೆಳಗಿನಿಂದ ಇದೊಂದೇ ತಲೆಯಲ್ಲಿ.

ಸೆಪ್ಟೆಂಬರ್ 2, ಮಂಗಳವಾರ

ಡಾಕ್ಟರಿಗೆ ಹೇಳಿಬಿಟ್ಟೆ. ಯಾರ ಸ್ಕ್ಯಾನೆಂದು ಗುರುತು ಹತ್ತಿದರೆ ಅದನ್ನು ಮುಟ್ಟಬಾರದು, ತಕ್ಷಣ ತಿಳಿಸಬೇಕು ಎಂದು ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು. ನಾನು ಎರಡು ವಾರ ಇಟ್ಟುಕೊಂಡಿದ್ದೆ. ಬೈಯುತ್ತಾರೆ ಎಂದುಕೊಂಡೆ. ಅವರು ಎದ್ದು ಬಾಗಿಲು ಮುಂದೆ ಮಾಡಿ, ಕುಡಿಯಲು ನೀರು ಕೊಟ್ಟರು.

“267 ಬೇರೆಯವರಿಗೆ ಕೊಡ್ತೀನಿ. ನೀವು ಇನ್ನು ತೆರೀಬೇಡಿ.”

“ಬೆನ್ನಲ್ಲಿರೋ ಕಲ್ಲು ಅಳಿಸಬೇಡಿ ಅಂತ ಹೇಳ್ತೀರಾ ಮೇಡಂ?” ಎಂದೆ. ಅಷ್ಟು ದೊಡ್ಡ ವಿಷಯದ ನಡುವೆ ನನ್ನ ಬಾಯಿಂದ ಬಂದದ್ದು ಅದು. ಅವರು ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ಕೇಳಿದೆ, ಕ್ಷಯವೋ ಧೂಳೋ ಎಂದು. “ಇಲ್ಲಿ ಕೂತು ನಾನು ಹೇಳಬಾರದು. ಆದ್ರೆ ಕ್ಯಾಂಪಿಗೆ ಬಂದವರಿಗೆಲ್ಲಾ ವರದಿ ಕಳಿಸಿದ್ವಿ ಕೋಮಲಾ. ಮನೆಗೆ ಒಂದು ಕಂದು ಬಣ್ಣದ ಕವರು ಬಂದಿರಬೇಕು. ಬಂದಿತ್ತಾ?”

ಬಂದಿತ್ತು. ಊರಿನ ಮನೆಗೆ ಬಂದಿತ್ತು. ಅಮ್ಮ ಫೋನು ಮಾಡಿ, “ಮ್ಯಾಲೆ ಇಂಗ್ಲೀಸ್ನಾಗ್ ಬರದೈತೆ ಕಣಮ್ಮಿ, ಒಂದ್ಸಲ ಬಂದು ನೋಡು,” ಅಂದಿದ್ದಳು. ಕಾಯಿಲೆ ಇಂಥದ್ದೆಂದು ಗೊತ್ತಾಗಿದೆಯಲ್ಲ, ಇನ್ನೇನು ನೋಡುವುದು, ಟ್ರಂಕಿನಲ್ಲಿಡು ಎಂದು ನಾನೇ ಹೇಳಿದ್ದೆ.

ಎದ್ದು ಬರುವಾಗ ಕೇಳಿದೆ. “ಮೇಡಂ, ಕ್ಷಯ ತಟ್ಟೆಯಿಂದ ಹರಡುತ್ತಾ?”

“ತಟ್ಟೆ ಲೋಟದಿಂದ ಹರಡಲ್ಲ. ಗಾಳಿಯಿಂದ ಹರಡೋದು. ಅದೂ ಸರಿಯಾಗಿ ಮಾತ್ರೆ ತಗೊಂಡ್ರೆ ಸಾಮಾನ್ಯವಾಗಿ ಕೆಲವು ವಾರದಲ್ಲೇ ನಿಂತುಹೋಗುತ್ತೆ. ಧೂಳಿನ ಕಾಯಿಲೆ ಅಂತೂ ಯಾರಿಗೂ ಅಂಟಲ್ಲ. ಯಾಕೆ?”

ಸುಮ್ಮನೆ ಕೇಳಿದೆ ಎಂದೆ.

ಸೆಪ್ಟೆಂಬರ್ 3, ಬುಧವಾರ

ಕ್ಷಯವೇ ಆಗಿದ್ದರೂ ತಟ್ಟೆ ಬೇರೆ ಮಾಡಬೇಕಿರಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಊರಿನಿಂದ ತಂದ ಟ್ರಂಕು ಅಮ್ಮನ ಮಂಚದ ಕೆಳಗೇ ಇದೆ. ಅವಳು ದೇವಸ್ಥಾನಕ್ಕೆ ಹೋಗುವುದನ್ನು ಆರು ದಿನ ಕಾದೆ. ಕಾದೆನೋ, ಹೆದರಿ ಮುಂದೂಡಿದೆನೋ, ಯಾವುದಾದರೂ ಒಂದು.

ಮೇಲೆ ಅಮ್ಮನ ಎರಡು ಸೀರೆ. ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಫದ ಪರೀಕ್ಷೆಯ ಚೀಟಿಗಳು, ಮೂರು ಸಲದ್ದು. ಮೂರರಲ್ಲೂ ಕ್ಷಯದ ರೋಗಾಣು ಕಂಡಿಲ್ಲ ಎಂದಿದೆ. ಇವನ್ನು ಆಗಲೇ ನೋಡಿದ್ದೆ. ವೈದ್ಯರು, ಕಾಣದಿದ್ದರೂ ಇರುತ್ತದೆ, ಮಾತ್ರೆ ತಿನ್ನಲಿ ಎಂದಿದ್ದರು. ನಾನೂ ತಲೆಯಾಡಿಸಿದ್ದೆ. ಇನ್ನೊಬ್ಬರನ್ನು ಕೇಳೋಣ ಎಂದು ಅನ್ನಿಸಲಿಲ್ಲ.

ಅದರ ಕೆಳಗೆ ಕಂದು ಕವರು. ಅಂಟು ಹಾಗೇ ಇತ್ತು. ಬಿಚ್ಚುವಾಗ ಒಂದು ಮೂಲೆ ಹರಿಯಿತು. ಒಂದೇ ಪುಟ. ಕಲ್ಲಿನ ಧೂಳಿನಿಂದ ಆದ ಶ್ವಾಸಕೋಶದ ಕಾಯಿಲೆಯ ಲಕ್ಷಣಗಳು ಸ್ಪಷ್ಟವಾಗಿವೆ, ಕ್ಷಯದ ಗುರುತು ಕಂಡುಬಂದಿಲ್ಲ, ಎದೆಯ ತಜ್ಞರನ್ನು ಕೂಡಲೇ ಕಾಣಿ, ಧೂಳಿನ ಕೆಲಸ ಬಿಡಿ. ತಾರೀಕು 2022, ಏಪ್ರಿಲ್ 11. ಅಪ್ಪ ಸತ್ತದ್ದು ಮರುವರ್ಷದ ನವೆಂಬರಿನಲ್ಲಿ. ಹತ್ತೊಂಬತ್ತು ತಿಂಗಳು ಈ ಹಾಳೆ ಅವನ ಮನೆಯಲ್ಲೇ ಇತ್ತು, ಅವನು ಹಿತ್ತಲಲ್ಲಿದ್ದ.

ಟ್ರಂಕಿನ ತಳದಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ ತಟ್ಟೆ. ಅಂಚಿನಲ್ಲಿ ನನ್ನ ಎರಡು ಗೀರು. ಸತ್ತ ಮಾರನೆಯ ದಿನವೇ ಎಸೆಯಲು ಹೇಳಿದ್ದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಓದಿ ಓದಿ ಮರುಳಾದವಳು ನಾನು. ಓದು ಇಲ್ಲದ ಅಮ್ಮ ಆ ಕವರನ್ನು ನೋಡು ನೋಡು ಎಂದಳು, ಓದಿದವಳು ತೆರೆಯಲಿಲ್ಲ.

ಕೊನೆಯ ಬೇಸಿಗೆಯಲ್ಲಿ ಅಪ್ಪ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದ, ನಿಖಿತಾಳಿಗೆ ಮಾವಿನಹಣ್ಣು ತಂದಿದ್ದ. ಗೇಟು ತೆಗೆಯದೆ ಚೀಲವನ್ನು ಕಾಂಪೌಂಡಿನ ಮೇಲಿಟ್ಟು, ರಸ್ತೆಯ ಆಚೆ ಹೋಗಿ ನಿಂತ. ಅವಳು ಕಿಟಕಿಯಿಂದ ಕೈಬೀಸಿದಳು. ಅವನು ಎರಡೂ ಕೈ ಎತ್ತಿ ಬೀಸಿದ, ಕೆಮ್ಮು ಬಂದಾಗ ಮಾತ್ರ ತಿರುಗಿ ನಿಂತ. ಅವನು ಹೋದ ಮೇಲೆ ಆ ಹಣ್ಣುಗಳನ್ನು ಬೀದಿಯ ಹಸುವಿಗೆ ಹಾಕಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಒಳ್ಳೆಯ ಮಲಗೋವ ಹಣ್ಣು.

ಸೆಪ್ಟೆಂಬರ್ 11, ಗುರುವಾರ

ಯತಿರಾಜ್ ಊಟದ ಹೊತ್ತಿನಲ್ಲಿ ತಾನಾಗಿಯೇ ಹೇಳಿದ. “ಅಕ್ಕ, 267 ಅಂತ ಒಂದು ನೋಡಿದೆ. ಪಾವಂ, ಪಾಪ ಆ ಮನುಷ್ಯ, ಎದೆ ಪೂರಾ ಧೂಳು. ನನ್ನಾದ್ಮೇಲೆ ನೋಡಿದ ಎರಡನೇವ್ರೂ ಅದೇ ಗುರುತು ಹಾಕವ್ರೆ. ಬೆನ್ನಾಗೊಂದು ಕಲ್ಲೈತೆ, ಮೇಷ್ಟ್ರು ಅಳಿಸು ಅಂತಾರೆ, ಮೇಡಂ ಬ್ಯಾಡ ಅಂತಾರೆ. ಯಾರ ಮಾತು ಕೇಳೋದು?”

“ಮೇಡಂ ಮಾತು ಕೇಳು,” ಎಂದೆ.

ಅವನು ಮೊಸರನ್ನ ತಂದಿರಲಿಲ್ಲ. ನನ್ನ ಡಬ್ಬಿಯಿಂದ ಅರ್ಧ ಕೊಟ್ಟೆ, ತಾನು ಉಣ್ಣುತ್ತಿದ್ದ ಚಮಚದಲ್ಲೇ ತೆಗೆದುಕೊಂಡ. ಉಪ್ಪಿನಕಾಯಿ ಸಾಲಲಿಲ್ಲ. ಅಮ್ಮನಿಗೆ ಹೇಳಬೇಕು. ಹೇಗೆ ಹೇಳುವುದು? ಹೇಳಿದರೆ ಅವಳು ಎರಡು ವರ್ಷ ಗಂಡನಿಗೆ ದೂರದಿಂದ ಅನ್ನ ತಳ್ಳಿದ್ದು ವ್ಯರ್ಥಕ್ಕೆ ಎಂದು ತಿಳಿಯುತ್ತದೆ. ಈ ವಯಸ್ಸಿನಲ್ಲಿ ಅದನ್ನು ಹೊರಿಸಲೇ? ಹೇಳದಿದ್ದರೆ ಅಪ್ಪ ಸತ್ತ ಮೇಲೂ ಅಂಟುರೋಗದವನಾಗಿಯೇ ಉಳಿಯುತ್ತಾನೆ.

ಸೆಪ್ಟೆಂಬರ್ 14, ಭಾನುವಾರ

ಹೇಳಿದೆ.

ಅಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು. ಮೊರದ ಪಕ್ಕ ಕೂತು ಕವರು ಅವಳ ಕೈಗೆ ಕೊಟ್ಟೆ, ಅದರಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳಿದೆ. ತಟ್ಟೆಯಿಂದ ಏನೂ ಹರಡುವುದಿಲ್ಲವಂತೆ ಎಂದೂ ಹೇಳಿದೆ. “ನನ್ನಿಂದ ನೀನು ಅಪ್ಪನ್ನ ದೂರ ಇಟ್ಟೆ ಅಮ್ಮ. ನಾನು ಹೇಳ್ದೆ ಅಂತ ನೀನು ಮಾಡ್ದೆ. ಪಾಪ ಎಲ್ಲಾ ನಂದು.”

ಅಮ್ಮ ಹುರುಳಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನಾನೆಲ್ಲಮ್ಮಿ ದೂರ ಇಟ್ಟೆ?” ಅಂದಳು. “ನೀನು ಬಂದ ದಿನ ಮಾತ್ರ ತಟ್ಟೆ ಬಾಗ್ಲಾಗಿಟ್ಟು ಬತ್ತಿದ್ದೆ. ನೀನು ಬಸ್ಸು ಹತ್ತಿದ್ ಮ್ಯಾಲೆ ನಾನೂ ಅಲ್ಲೇ ಕುಂತು ಉಣ್ತಿದ್ದೆ. ಮದ್ವೆ ಆದಾಗಿಂದ ಅವನುಂಡ ತಟ್ಟೆಯಾಗೇ ಉಂಡಿದ್ದು ನಾನು. ಆ ಗೀರಿನ ತಟ್ಟೆಯಾಗೂ ಅಂಗೇ.”

“ನಂಗ್ಯಾಕೆ ಹೇಳ್ಲಿಲ್ಲ?”

“ಬೈತಿದ್ದೆ. ಅವನೂ ಬ್ಯಾಡ ಅಂದ. ಅವ್ಳು ಓದಿರೋಳು, ನಮ್ಮ ಮ್ಯಾಲಿನ್ ಆಸೆಗೇ ಹಿಂಗೆ ಮಾಡ್ತವ್ಳೆ, ಮನಸು ನೋಯಿಸ್ಬ್ಯಾಡ ಅಂದ.” ಒಂದು ಕಲ್ಲು ಸಿಕ್ಕಿತು, ಎತ್ತಿ ಬಿಸಾಡಿದಳು. “ಮೊದ್ಲು ಮೊದ್ಲು ಉಣ್ಣಾಕ್ ಬಿಡ್ಲಿಲ್ಲ ನಿಮ್ಮಪ್ಪ, ತಟ್ಟೆ ಕಿತ್ಕೊಳ್ಳೋನು. ಆಮ್ಯಾಕೆ ಅವನೇ ಕೊನೇ ತುತ್ತು ಮುದ್ದೆ ಬಿಡ್ತಿದ್ದ. ನಂಗೆ ಅಂತ.”

ನಾನು ಅತ್ತೆ. ಸತ್ತ ದಿನವೂ ಹೀಗೆ ಅತ್ತಿರಲಿಲ್ಲ. ಅವತ್ತು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ.

“ಮಗೀನ್ ವಿಚಾರಕ್ ಮಾತ್ರ ಕೊರಗ್ತಿದ್ದ,” ಅಂದಳು ಅಮ್ಮ. “ಒಂದ್ಸಲ ತೊಡೆ ಮ್ಯಾಲೆ ಕೂರಿಸ್ಕೊಂಡು ಉಣ್ಣಿಸ್ಬೇಕಿತ್ತು ಅಂತಿದ್ದ. ಆಯ್ತು ಬಿಡು. ಎದ್ದೋಗಿ ಮಕ ತೊಳ್ಕೊ.”

ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 16, ಮಂಗಳವಾರ

ಕೆಲಸಕ್ಕೆ ಹೋದೆ. ಮೇಷ್ಟ್ರು ಹದಿನಾಲ್ಕು ಸಲ ‘ಮುಂದಿನ ಹೆಜ್ಜೆ’ ಎಂದರು. ಒಂದು ಸ್ಕ್ಯಾನಿನಲ್ಲಿ ಮುರಿದ ಕೊರಳ ಮೂಳೆ, ಇನ್ನೊಂದರಲ್ಲಿ ತೋಳಿಗೆ ಕಟ್ಟಿದ ತಾಯಿತ. ಮೊದಲು ಇವನ್ನೆಲ್ಲ ಬೇಡದ ವಸ್ತು ಎಂದು ಬಿಟ್ಟು ಹೋಗುತ್ತಿದ್ದೆ. ಈಗ ಒಂದೊಂದರ ಮುಂದೆಯೂ ಹೊತ್ತಾಗುತ್ತಿದೆ. ವೇಗ ಕಡಿಮೆಯಾಗಿದೆ ಎಂದು ಮೇಷ್ಟ್ರು ಎಚ್ಚರಿಸಿದರು.

ಕ್ಯಾಂಪಿಗೆ ಬಂದವರಿಗೆ ಕಳಿಸಿದ ಕವರುಗಳ ಪಟ್ಟಿ ನೋಡಬಹುದೇ, ತೆರೆಯದವರ ಮನೆಗೆ ಹೋಗಿ ಓದಿ ಹೇಳಬಹುದೇ ಎಂದು ಡಾಕ್ಟರನ್ನು ಕೇಳಿದೆ. ಹೆಸರು ನನಗೆ ಕೊಡುವಂತಿಲ್ಲವಂತೆ. ಆದರೆ ಆರೋಗ್ಯ ಕಾರ್ಯಕರ್ತೆಯರ ಕೈಯಲ್ಲಿ ಮನೆಮನೆಗೆ ಹೇಳಿ ಕಳಿಸುವ ಬಗ್ಗೆ ಮೇಲಿನವರಿಗೆ ಬರೆಯುತ್ತೇನೆ ಎಂದರು.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ಹೋದ ವರ್ಷ ಅಪ್ಪನ ಎಡೆಯನ್ನು ಹಿತ್ತಲಲ್ಲೇ ಇಡಿಸಿದ್ದೆ, ಆಮೇಲೆ ಅದನ್ನೂ ಹಸುವಿಗೇ ಹಾಕಿಸಿದ್ದೆ. ಈ ವರ್ಷ ಅಮ್ಮ ಯಾರನ್ನೂ ಕೇಳಲಿಲ್ಲ. ನಡುಮನೆಯಲ್ಲಿ ಅಪ್ಪನ ಫೋಟೋ ಇಟ್ಟು, ಟ್ರಂಕಿನಿಂದ ಆ ತಟ್ಟೆ ತೆಗೆದು ತೊಳೆದು ತಂದಳು. ಮುದ್ದೆ, ಹುರುಳಿಕಾಳಿನ ಸಾರು, ವಡೆ, ಪಾಯಸ. ಪಾಯಸ ಮಾಡಲು ದೊಡ್ಡ ಪಾತ್ರೆ ಬೇಕಿತ್ತು, ನಾನು ಲೋಟ ಕುದಿಸುತ್ತಿದ್ದದ್ದನ್ನೇ ತೆಗೆದುಕೊಂಡಳು. ಅದು ಅಟ್ಟಕ್ಕೆ ಯಾವಾಗ ಹೋಗಿತ್ತೋ, ಹುಡುಕಿ ಇಳಿಸಿ ಧೂಳು ಒರೆಸಬೇಕಾಯಿತು. ಎಡೆಯ ಪಕ್ಕ ಒಂದು ಕಟ್ಟು ಬೀಡಿಯನ್ನೂ ಇಟ್ಟಳು. ಆ ಎದೆಗೆ ಬೀಡಿಯೇ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಕಾಗೆಗೆ ಒಂದು ತುತ್ತು ಹಾಕಿ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಉಮಾಶಂಕರ್‌ಗೆ, ನಿಖಿತಾಳಿಗೆ ಎಲೆ ಹಾಕಿ, ಎಡೆಯ ತಟ್ಟೆಯನ್ನು ಅಮ್ಮ ತನ್ನ ಮುಂದೆ ಎಳೆದುಕೊಂಡಳು. ನಾನು ಕೈ ಚಾಚಿದೆ. ಒಂದು ಗಳಿಗೆ ನನ್ನ ಮುಖ ನೋಡಿದಳು, ತಟ್ಟೆಯನ್ನು ನನ್ನ ಕಡೆ ಸರಿಸಿ ಮೇಲೆ ಸಾರು ಬಿಟ್ಟಳು.

ಉಂಡೆ. ಮುದ್ದೆ ಆರಿತ್ತು, ಸಾರು ಬಿಸಿಯಾಗಿತ್ತು. ಗೀರಿನ ಜಾಗ ಹೆಬ್ಬೆರಳಿಗೆ ತಾಗುತ್ತಿತ್ತು.

“ಅಮ್ಮ, ಇದು ತಾತನ ತಟ್ಟೆಯಾ? ಗೀರು ಯಾರು ಹಾಕಿದ್ದು?” ಎಂದಳು ನಿಖಿತಾ.

“ನಾನು.”

“ಯಾಕೆ?”

“ಗೊತ್ತಿಲ್ಲದೆ ಹಾಕಿದೆ ಕಂದ.”

ಊಟ ಮುಗಿದು, ನೀರು ಕುಡಿಯಲು ಕೈ ಎತ್ತಿದೆ. ಆಗ ನೋಡಿದರೆ ತಟ್ಟೆಯಲ್ಲಿ ಒಂದು ತುತ್ತು ಮುದ್ದೆ ಬಿಟ್ಟಿದ್ದೆ, ಬೇಕೆಂದು ಬಿಟ್ಟದ್ದಲ್ಲ. ಅಮ್ಮನೂ ಅದನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನಿಖಿತಾ ತನ್ನ ಎಲೆಯಿಂದ ಬಾಗಿ, ಆ ತುತ್ತನ್ನು ಎತ್ತಿ, ತಟ್ಟೆಯ ತಳದಲ್ಲಿದ್ದ ಸಾರಿಗೆ ಒರೆಸಿ ಬಾಯಿಗೆ ಹಾಕಿಕೊಂಡಳು. ಅಗಿಯಬಾರದು, ನುಂಗಬೇಕು ಎಂದು ಅಜ್ಜಿ ಹೇಳಿಕೊಟ್ಟಳು.

ಅಪ್ಪ, ಅವಳು ನಿನ್ನ ತಟ್ಟೆಯಲ್ಲಿ ಉಂಡಳು.